ಕಡಾ ತಂದ ಹಿತ್ತಾಳೆ ಪಟ್ಟಿ

ಅಂದು ಬೆಳಿಗ್ಗೆ ನಳ ಬಂತು. ಮಣ್ಣು ಕೊಡಲೆಂದು ಬಂದು ಮನೆ ತುಂಬಿದ್ದ ನೆಂಟರು ಹಿಂದಿನ ಸಂಜೆಯೇ ಬಸ್ಸು ಹತ್ತಿದ್ದರು. ಸಾಕ್ಷಿ ಎದ್ದು ಕೊಡ ತುಂಬಿದಳು, ಹಂಡೆ ತುಂಬಿದಳು, ಗಂಡ ಅಮರನ ಸ್ನಾನದ ಬಕೆಟ್ಟನ್ನೂ ತುಂಬಿ ಬಚ್ಚಲಲ್ಲಿಟ್ಟಳು. ಇಟ್ಟ ಮೇಲೆ ನೆನಪಾಯಿತು. ಚೆಲ್ಲಲಿಲ್ಲ. ನೀರು ಮತ್ತೆ ಯಾವಾಗಲೋ. ಅದರಲ್ಲೇ ತಾನು ಮಿಂದಳು.

ಅತ್ತೆ ಅಕ್ಕವ್ವ ಮಗನ ಚೀಲದಲ್ಲಿ ಸಿಕ್ಕ ಹಿತ್ತಾಳೆಯ ಅಳತೆಪಟ್ಟಿಯನ್ನು ಸೆರಗಿನಿಂದ ಒರೆಸುತ್ತ ಕುಳಿತಿದ್ದಳು.

"ಸಾವಕಾರ್ರ ಪಟ್ಟಿ ಇದು. ಕಡಾ ತಂದಿದ್ದ. ಸತ್ತವನ ತಲಿ ಮ್ಯಾಲ ಮಂದಿ ಸಾಮಾನ ಇರಬಾರದವ್ವ. ಕೊಟ್ಟು, ಅವರ ಬಾಯಿಂದ 'ಮುಟ್ಟಿತು' ಅನಿಸ್ಕೊಂಡ ಬಾ. ಅನ್ನೂ ತನಕಾ ಋಣ ಹರಿಯೂದಿಲ್ಲ."

"ಕೊಡ್ತೀನಿ ಅತ್ತಿ," ಎಂದ ಸಾಕ್ಷಿ ಪಟ್ಟಿಯನ್ನು ತನ್ನ ಸೀರೆಗಳ ನಡುವೆ ಇಟ್ಟಳು.

ಸಾವಕಾರನೆಂದರೆ ಬಸವಪ್ರಸಾದ. ಆಟೋ ನಗರದ ಅವನ ಫೌಂಡ್ರಿಯಲ್ಲಿ ಸಾಕ್ಷಿ ನಕ್ಷೆ ಬಿಡಿಸುವವಳು, ಅಮರ ಆ ನಕ್ಷೆ ನೋಡಿ ಮರದಲ್ಲಿ ಪ್ಯಾಟರ್ನ್ ಕೆತ್ತುವವನು. ಆ ಮರವನ್ನು ಮರಳಿನಲ್ಲಿ ಒತ್ತಿ ತೆಗೆದು, ಉಳಿದ ಪೊಳ್ಳಿಗೆ ಕರಗಿದ ಕಬ್ಬಿಣ ಹೊಯ್ದರೆ ನೀರಿನ ಪಂಪಿನ ಕವಚ. ಕಬ್ಬಿಣ ಆರುವಾಗ ಕುಗ್ಗುತ್ತದೆ. ಹಾಗಾಗಿ ಪ್ಯಾಟರ್ನ್ ತುಸು ದೊಡ್ಡದಿರಬೇಕು. ಆ ಹಿತ್ತಾಳೆ ಪಟ್ಟಿ ನೋಡಲು ಎಲ್ಲ ಪಟ್ಟಿಗಳಂತೆಯೇ, ಆದರೆ ಗೆರೆ ಗೆರೆಯ ನಡುವೆ ಕೂದಲೆಳೆಯಷ್ಟು ಜಾಗ ಹೆಚ್ಚು. ನಕ್ಷೆಯ ಅಳತೆಯನ್ನೇ ಅದರಿಂದ ಮರಕ್ಕೆ ಹಾಕಿದರೆ ಸಾಕು, ಕುಗ್ಗಿದ ಮೇಲೆ ಕವಚ ಸರಿಹೋಗುತ್ತದೆ. ಬಸವಪ್ರಸಾದನ ತಂದೆ ಗುರುಪುತ್ರಪ್ಪನಿಗೆ ಇದು ಗೊತ್ತಿತ್ತು, ಅವನು ತೀರಿಹೋಗಿದ್ದ. ಮಗ ವ್ಯಾಪಾರ ಕಲಿತಿದ್ದ, ಮರಳು ಮುಟ್ಟಿರಲಿಲ್ಲ.

ಮಳೆಗಾಲದಲ್ಲಿ ಪಂಪು ಕೇಳುವವರಿಲ್ಲ. ಫೌಂಡ್ರಿಯ ತುಂಬ ಇಸ್ಪೀಟು. ಗಂಡಹೆಂಡಿರಿಬ್ಬರು ಮಾತ್ರ ಆ ದಿನಗಳಲ್ಲೇ ಹೆಚ್ಚು ದುಡಿಯುತ್ತಿದ್ದರು. ಕೆಲಸವಿಲ್ಲವೆಂದು ಕೈ ಕಟ್ಟಿ ಕೂತರೆ ಕೆಲಸ ಬಂದಾಗ ಕೈ ಮಾತು ಕೇಳುವುದಿಲ್ಲ ಎನ್ನುತ್ತಿದ್ದ ಅಮರ. ಕಡಿಮೆ ಕಬ್ಬಿಣ ಹಿಡಿಯುವ ಹೊಸ ಕವಚವೊಂದನ್ನು ಈ ಮಳೆಗಾಲದಲ್ಲಿ ಸಾಕ್ಷಿ ಬಿಡಿಸಿ ಮುಗಿಸಿದ್ದಳು. ಮುಂದೆ ತಮ್ಮದೇ ಒಂದು ಶೆಡ್ಡು ಹಾಕಿದಾಗ ಅದೇ ಮೊದಲ ಮಾಲು ಎಂದುಕೊಂಡಿದ್ದರು. ಅಮರ ಸಾವಕಾರನನ್ನು ಕೇಳಿಯೇ ಪಟ್ಟಿಯನ್ನು ಮನೆಗೆ ತಂದು, ಸಂಜೆ ಸಂಜೆ ಸಾಗವಾನಿ ಕೆತ್ತುತ್ತಿದ್ದ. ಅರ್ಧವಾಗಿತ್ತು.

ಅಷ್ಟರಲ್ಲಿ, ಹೇಗೂ ಖಾಲಿ ಇದ್ದಾನೆಂದು ಬಸವಪ್ರಸಾದ ಅವನನ್ನು ಖಾನಾಪುರದ ತನ್ನ ಮನೆಯ ಸೋರುವ ಹಂಚು ಬದಲಿಸಲು ಹತ್ತಿಸಿದ. ಮರ ಬಲ್ಲವನಿಗೆ ಒದ್ದೆ ಹಂಚಿನ ಪಾಚಿ ಗೊತ್ತಿರಲಿಲ್ಲ. ಕಾಲು ಜಾರಿತು.

ಮಣ್ಣಿನ ದಿನ ಬಸವಪ್ರಸಾದ ಹಾರ ತಂದಿದ್ದ. ಸುತ್ತಲಿದ್ದವರಿಗೆಲ್ಲ ಕೇಳುವಂತೆ ಹೇಳಿದ್ದ: "ಹಣೇಬರಾ. ಸುಮ್ಮನ ಕುಂತಿದ್ದ, ನಾ ಏನರ ಕೆಲಸ ಇರ್ಲಿ ಅಂತ ಕೊಟ್ಟೆ."

ಸಾಕ್ಷಿ ಆಗ ಅಳಲಿಲ್ಲ. ಆ ಮಾತನ್ನು ಮಾತ್ರ ಜೋಪಾನವಾಗಿ ಎತ್ತಿಟ್ಟುಕೊಂಡಳು.

ಅವಳು ಕೆಲಸಕ್ಕೆ ಮರಳಿದಾಗ ಗೋಡೆಯ ಮೇಲೆ ಅವಳದೇ ಕವಚದ ನಕ್ಷೆ ತೂಗುತ್ತಿತ್ತು. ಮೂಲೆಯಲ್ಲಿ ಬಸವಪ್ರಸಾದನ ಹೆಸರು. ಅವಳು ಮಣ್ಣಿಗೆ ಹೋದಾಗ ಅವಳ ಕಂಪ್ಯೂಟರಿನಿಂದ ತೆಗೆದದ್ದು. ಕೊಲ್ಲಾಪುರದ ಪಂಪು ಕಂಪನಿಗೆ ತೋರಿಸಿ ದೊಡ್ಡ ಆರ್ಡರು ಹಿಡಿದಿದ್ದ. ಇವಳಿಗೆ ಕಿಟಕಿಯ ಬಾಜು ಬರಿಯ ಟೇಬಲ್ಲು ಕೊಡಿಸಿದ್ದ.

"ಸುಮ್ಮನ ಕುಂದರ್ರಿ ತಂಗಿ," ಎಂದ. "ಈಗ ನಿಮ್ಮ ಕೈಲೆ ಏನ ಆಗ್ತೈತಿ."

ಅವಳು ಕುಳಿತಳು. ಪ್ಯಾಟರ್ನ್ ಕೆತ್ತಲು ಬಾಗಿಲು ಕಿಟಕಿ ಮಾಡುವ ಬಡಿಗನೊಬ್ಬ ಬಂದ. ಆಗೊಮ್ಮೆ ಬಸವಪ್ರಸಾದ ಅವಳ ಟೇಬಲ್ಲಿನ ಬಳಿ ನಿಂತು, ಅಮರನ ಹತ್ತಿರ ಅಪ್ಪನ ಹಳೇ ಪಟ್ಟಿಯೊಂದು ಇತ್ತಲ್ಲ ಎಂದು ಕೇಳಿದ. ಅವಳ ಬಾಯಿಗೆ ಮಾತು ಬಂದಿತ್ತು. ಅದು ಬರೀ ಪಟ್ಟಿಯಲ್ಲ ಎಂದರೆ ಮುಗಿಯುತ್ತಿತ್ತು.

"ಇರ್ಲಿ ಬಿಡ್ರಿ," ಎಂದು ಅವನೇ ಕೈ ಕೊಡವಿದ. "ಸವದಿದ್ದು ಏನ್ ಮಾಡೂದು. ಸ್ಟೀಲಿಂದ ಹೊಸಾದ ತರಸೀನಿ."

ಅವಳು ಬಾಯಿ ಮುಚ್ಚಿಕೊಂಡಳು.

ಮನೆಯಲ್ಲಿ ಅರ್ಧ ಕೆತ್ತಿದ ಸಾಗವಾನಿಯನ್ನು ಕಾಟಿನ ಕೆಳಗಿಂದ ಎಳೆದಳು. ವರ್ಕ್‌ಶಾಪ್ ತರಗತಿಯಲ್ಲಿ ಹಿಡಿದಿದ್ದ ಉಳಿಯನ್ನು ಆಮೇಲೆ ಮರೆತಿದ್ದಳು. ಎರಡು ಸಲ ಬೆರಳು ಕೊಯ್ದುಕೊಂಡಳು, ಒಂದು ಅಂಚು ಕೆಟ್ಟಿತು, ಅಂಟಿಸಿ ಮತ್ತೆ ಕೆತ್ತಿದಳು. ಪಟ್ಟಿ ಇಟ್ಟಲ್ಲೆಲ್ಲ ಅಮರನ ಪೆನ್ಸಿಲ್ ಗುರುತುಗಳಿದ್ದವು. ಅಲ್ಲಿಂದ ಮುಂದೆ ತನ್ನವನ್ನು ಹಾಕಿದಳು. ಪಟ್ಟಿ ಕೊಟ್ಟೆಯೇನೆಂದು ಅಕ್ಕವ್ವ ಕೇಳಿದಾಗಲೆಲ್ಲ, ಇನ್ನೂ ಇಲ್ಲ ಎಂದಳು. ಆ ಮುದುಕಿ ಸೊಸೆಯ ಮುಖ ನೋಡಿ, ಕೇಳುವುದನ್ನೇ ಬಿಟ್ಟಳು.

ಪ್ಯಾಟರ್ನ್ ಮುಗಿದ ಮೇಲೆ ಆಟೋ ನಗರದ ಇನ್ನೊಂದು ತುದಿಯ ಜುಲ್ಫಿಕಾರನ ಫೌಂಡ್ರಿಗೆ ಹೊತ್ತೊಯ್ದಳು. ಅವನು ಮರವನ್ನು ತಿರುಗಿಸಿ ನೋಡಿದ. "ಅಮರಭಾಯಿದು ಮತ್ತ ನಿಮ್ಮದು, ಎರಡೂ ಕೈ ಕಾಣಸ್ತಾವ ಭಾಬಿ," ಎಂದಷ್ಟೇ ಹೇಳಿ ಮರಳು ಒತ್ತಿಸಿದ.

ಇತ್ತ ಬಸವಪ್ರಸಾದನಿಗೆ ಅವಸರ. ಮೊದಲೊಂದು ಹೊಯ್ದು, ಅಳೆದು ನೋಡುವುದು ವಾಡಿಕೆ. ಅದನ್ನೂ ಬಿಟ್ಟು ಪೂರಾ ಮಾಲು ಹೊಯ್ಸಿದ. ಲಾರಿ ಕೊಲ್ಲಾಪುರಕ್ಕೆ ಹೋಯಿತು. ಹೋದ ಹಾಗೆಯೇ ತುಂಬಿ ವಾಪಸು ಬಂತು. ಒಂದೊಂದು ಕವಚವೂ ಗಿಡ್ಡ. ಲೇಥಿನಲ್ಲಿ ತಿರುವಿ ನಯ ಮಾಡಲು ಮೈಯೇ ಉಳಿದಿರಲಿಲ್ಲ. ಅದೇ ವಾರ ಸಾಕ್ಷಿಯ ಕವಚ ಆ ಕಂಪನಿಯ ಮೇಜಿನ ಮೇಲೆ ಅಳತೆಗೆ ಸರಿಯಾಗಿ ಕೂತಿತು. ಆರ್ಡರು ಅವಳ ಹೆಸರಿಗೆ ಬಂತು.

ಭಾನುವಾರ ಅವಳು ಖಾನಾಪುರದ ಬಸ್ಸು ಹಿಡಿದಳು. ಬಸವಪ್ರಸಾದನ ಮಾಡಿನಲ್ಲಿ ಹಂಚು ಕಿತ್ತಿದ್ದ ಜಾಗಕ್ಕೆ ಇನ್ನೂ ನೀಲಿ ತಾಡಪತ್ರಿಯ ಹೊದಿಕೆ. ಕೆಳಗೆ ಕಟ್ಟೆಯ ಮೇಲೆ ಅವನು ವಾಪಸು ಬಂದ ಕವಚವೊಂದನ್ನು ಮುಂದಿಟ್ಟುಕೊಂಡು ಸ್ಟೀಲ್ ಪಟ್ಟಿಯಿಂದ ಅಳೆಯುತ್ತಿದ್ದ.

"ಅವ್ರು ಕಡಾ ತಂದಿದ್ರು," ಎಂದು ಸಾಕ್ಷಿ ಹಿತ್ತಾಳೆ ಪಟ್ಟಿಯನ್ನು ಆ ಸ್ಟೀಲ್ ಪಟ್ಟಿಗೆ ತಾಗಿಸಿ ಇಟ್ಟಳು. ಈ ತುದಿಯಲ್ಲಿ ಎರಡರ ಗೆರೆಗಳೂ ಕೂಡಿದ್ದವು. ಆ ತುದಿಗೆ ಹೋಗುವಷ್ಟರಲ್ಲಿ ಹಿತ್ತಾಳೆಯ ಗೆರೆ ಮುಂದೆ ಸರಿದಿತ್ತು.

ಅವನು ಬಗ್ಗಿ ನೋಡಿದ. ಕವಚ ನೋಡಿದ. ಮತ್ತೆ ಪಟ್ಟಿ ನೋಡಿದ.

"ಗೊತ್ತಿದ್ದೂ ಹೇಳಲಿಲ್ಲೇನವ್ವಾ?"

"ಸುಮ್ಮನ ಕುಂದರ್ರಿ ಅಂದಿದ್ರಿ. ಕುಂತೆ."

ಅವನು ಮೇಲೆ ತಾಡಪತ್ರಿಯತ್ತ ನೋಡಲಿಲ್ಲ. ಅವಳು ನೋಡಿದಳು. ಅವನ ಸೋಲು ಹಿತವೆನಿಸಿತು, ಇಷ್ಟು ಹಿತವಾದೀತೆಂದು ಎಣಿಸಿರಲಿಲ್ಲ.

"ಮುಟ್ಟಿತು ಅನ್ರಿ ಸಾವಕಾರ್ರ. ಅತ್ತಿ ಅನಿಸ್ಕೊಂಡ ಬಾ ಅಂದಾರ."

"ಮುಟ್ಟಿತು," ಎಂದ ಗಂಟಲಲ್ಲೇ.

"ಒಳಗಿನವರಿಗೂ ಕೇಳೂವಂಗ ಅನ್ರಿ. ಮಣ್ಣಿನ ದಿನ ಅಂದ್ರಲ್ಲ, ಹಂಗ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅವನು ಇನ್ನೊಮ್ಮೆ ಹೇಳಿದ.