ಬಿಟ್ಟ ಸಾಲು

"ಮುಚ್ಚಿದ ಖಾತೆ ತಾನಾಗಿ ಹೇಗಪ್ಪಾ ತೆರೆದುಕೊಳ್ಳುತ್ತೆ?"

ವೈಜಯಂತಿ ಕೇಳಿದ್ದು ಯಾರನ್ನೂ ಅಲ್ಲ. ಊಟದ ಹೊತ್ತು, ಸಂಸದೀಯ ಸಮಿತಿಯ ಕಚೇರಿಯಲ್ಲಿ ಕುರ್ಚಿಗಳೆಲ್ಲ ಖಾಲಿ. ಎದುರಿಗೆ ನಾಳೆ ಸದಸ್ಯರ ಕೈಸೇರಬೇಕಾದ, ಅವಳೇ ಟೈಪು ಮಾಡಿದ ಕರಡು ವರದಿ. ಗ್ರಾಹಕರು ಮುಚ್ಚಿಸಿದ ಖಾತೆಗೆ ಎಲ್ಲಿಂದಲೋ ಒಂದಿಷ್ಟು ಹಣ ಬಂದರೆ ಸಾಕು, ಬ್ಯಾಂಕುಗಳು ಹೇಳದೆ ಕೇಳದೆ ಅದನ್ನು ಮತ್ತೆ ತೆರೆಯುತ್ತಿವೆ ಎಂಬ ದೂರುಗಳ ಮೇಲಿನ ವರದಿ.

ಅವಳ ಗಂಡ ದಕ್ಷಿಣಾಮೂರ್ತಿಯವರ ಖಾತೆಯೂ ಹಾಗೇ ತೆರೆದುಕೊಂಡಿತ್ತು. ಅವರು ತೀರಿಕೊಂಡ ವರ್ಷವೇ ಅವಳು ಅದನ್ನು ಮುಚ್ಚಿಸಿದ್ದಳು. ಹೋದ ಯುಗಾದಿಗೆ ಮುಂಚೆ ಯಾವುದೋ ಹಳೆಯ ಷೇರಿನ ಲಾಭಾಂಶ ಬಂದು ಬಿತ್ತು, ಆರ್.ಕೆ.ಪುರಂ ಮನೆಯ ದೇವರ ಗೂಡಿನ ಪಕ್ಕದಲ್ಲಿದ್ದ ಅವರ ಫೋನು ಕಿಣಿಗುಟ್ಟಿತು. 'ಪ್ರಿಯ ದಕ್ಷಿಣಾಮೂರ್ತಿ...' ಅಂದಿನಿಂದ ಬ್ಯಾಂಕಿನದು ತಿಂಗಳಿಗೊಂದು ಸಂದೇಶ. ಹುಟ್ಟುಹಬ್ಬಕ್ಕೆ ಶುಭಾಶಯವೂ ಬಂತು. ದೀಪ ಹಚ್ಚುವಷ್ಟೇ ನೇಮದಿಂದ ಅವಳು ಆ ಫೋನಿಗೆ ಚಾರ್ಜು ಹಾಕುತ್ತಾಳೆ.

ಸಹೋದ್ಯೋಗಿ ಮಹಂತೇಶ್ ಕ್ಯಾಂಟೀನಿನಿಂದ ಬಂದು ಕೂತ. ಒಬ್ಬರು ಸಮಿತಿಯ ಟಿಪ್ಪಣಿಯನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಟೈಪಾದ ಸಾಲಿನ ಮೇಲೆ ಬೆರಳು ಸರಿಸುವುದು. ಕರಡು ತಾಳೆ ನೋಡುವ ಇಲ್ಲಿನ ಪದ್ಧತಿ ಅದು. ಅವನು ಓದುತ್ತಾ ಹೋದ.

"ತೀರಿಕೊಂಡವರ ಹೆಸರಿನಲ್ಲಿ ಹೀಗೆ ತೆರೆದಿರುವ ಖಾತೆಗಳನ್ನು ಮೂವತ್ತು ದಿನಗಳೊಳಗೆ ಶಾಶ್ವತವಾಗಿ ಮುಚ್ಚತಕ್ಕದ್ದು."

ಅವಳ ಬೆರಳು ಸರಿಯಲಿಲ್ಲ.

"ಅಚ್ಛಾ! ಸಾಲs ಬಿಟ್ಟೀರಿ ಅಕ್ಕಾರ! ಇಪ್ಪತ್ತು ವರ್ಷದಾಗ ಒಂದು ಚುಕ್ಕಿ ಬಿಟ್ಟವರಲ್ಲ. ಇವತ್ತ ಚಾ ನಿಮ್ಮ ಲೆಕ್ಕಕ್ಕ!"

"ಬೇಕಂತಲೇ ಬಿಟ್ಟೆ."

ಅವನ ನಗು ನಿಂತಿತು. ವೈಜಯಂತಿ ಇವತ್ತು ಮನೆಯಿಂದ ತಂದಿದ್ದ ಗಂಡನ ಫೋನನ್ನು ಚೀಲದಿಂದ ತೆಗೆದು ಅವನ ಮುಂದಿಟ್ಟಳು. ಅವನು ಒಂದೊಂದೇ ಸಂದೇಶ ಓದಿದ.

"ಅವರನ್ನ ಹೆಸರು ಹಿಡಿದು ಕರೆಯೋದು ಈಗ ಇದೊಂದೇ, ಮಹಂತೇಶ್. ಮಗಳು ಕೂಡ 'ಪಾಪಾ' ಅನ್ನೋದು ಬಿಟ್ಟುಬಿಟ್ಟಿದಾಳೆ, ನಾನು ಅಳ್ತೀನಿ ಅಂತ. ಈ ಸಲ ಹೀಗೇ ಹೋಗಲಿ. ಮುಂದಿನ ವರದಿಗೆ ಸೇರಿಸೋಣ."

ಮಹಂತೇಶ್ ಟಿಪ್ಪಣಿಯ ಹಾಳೆಗಳನ್ನು ಹಿಂದಕ್ಕೆ ತಿರುವಿದ.

"ರೋಹಿಣಿ ಕಾಲನಿಯಿಂದ ಬಂದಿದ್ದ ಮುದುಕ ನೆನಪದಾನೇನ್ರಿ? ಸತ್ತ ಮಗಳ ಹೆಸರಿಗೆ ಬರೋ ಮೆಸೇಜ್ ನಿಲ್ಲಸ್ರಿ ಅಂತ ಸಮಿತಿ ಮುಂದ ಕೈಮುಗಿದಿದ್ದ. ಅದನ್ನ ಬರಕೊಂಡವ್ರು ನೀವs."

"ನೆನಪಿದೆ. ಆದರೂ ಕೇಳ್ತಿದೀನಿ."

ಅವನು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಅವಳಿಗೆ ಒಪ್ಪಿಸಿದ. ಆಮೇಲೆ ಕೀಲಿಮಣೆಯನ್ನು ತನ್ನ ಕಡೆಗೆ ಎಳೆದುಕೊಂಡ.

"ಇಲ್ಲ ಅಕ್ಕಾರ. ಈ ಸಾಲು ಬಿಡೂದಿಲ್ಲ."