ವೈಜನಾಥ ಆರಿಸಿದ ಡಿಫರೆನ್ಶಿಯಲ್

ನಾಶಿಕ್‌ನ ಮುಂಬೈ ನಾಕಾದ ಹತ್ತಿರ ವೈಜನಾಥನ ಗ್ಯಾರೇಜ್ ಇತ್ತು. ಬೀದರ್ ಕಡೆಯ ಭಾಲ್ಕಿಯವನು. ದೇವಳಾಲಿಯ ಮಿಲಿಟರಿ ವರ್ಕ್‌ಶಾಪಿಗೆ ಫಿಟ್ಟರ್ ಆಗಿ ಬಂದು, ಹನ್ನೆರಡು ವರ್ಷ ಟ್ರಕ್ಕುಗಳ ಅಡಿಯಲ್ಲಿ ಮಲಗಿ ಕೆಲಸ ಕಲಿತು, ಆಮೇಲೆ ಸ್ವಂತ ಗ್ಯಾರೇಜ್ ಹಾಕಿದ. ಇಂಜಿನ್ ಕೆಲಸಕ್ಕೆ ಊರಲ್ಲಿ ಬೇರೆಯವರೂ ಇದ್ದರು. ಗೇರ್‌ಬಾಕ್ಸ್, ಹಿಂದಿನ ಆ್ಯಕ್ಸಲ್ ಅಂದರೆ ಮಾತ್ರ ಜನ ನೇರ ಅವನ ಬಳಿಗೇ ಬರುತ್ತಿದ್ದರು.

ಗುಣವತಿಯ ಕೆಂಪು ಕಾರು ಅವನ ಗ್ಯಾರೇಜಿಗೆ ಬಂದದ್ದು ೧೯೬೮ರಲ್ಲಿ. ಅವಳ ತಂದೆ ಕೃಷ್ಣರಾಜ ಶೆಟ್ಟರು ಕುಂದಾಪುರದ ಕಡೆಯವರು, ಪಂಚವಟಿಯಲ್ಲಿ ಹೋಟೆಲ್ ಇಟ್ಟಿದ್ದರು. ಗುಣವತಿ ಹುಟ್ಟಿ ಬೆಳೆದದ್ದೆಲ್ಲ ನಾಶಿಕ್‌ನಲ್ಲೇ. ಹದಿನೆಂಟು ತುಂಬಿದಾಗಿನಿಂದ ಹೋಟೆಲಿನ ವ್ಯಾನು ಓಡಿಸಿ ಮಂಡಿಯಿಂದ ತರಕಾರಿ ತರುವುದು ಅವಳ ಕೆಲಸ. ದೇವಳಾಲಿಯ ಒಬ್ಬ ಮೇಜರ್ ವರ್ಗವಾಗಿ ಹೋಗುವಾಗ ತನ್ನ ಇಂಗ್ಲಿಷ್ ಸ್ಪೋರ್ಟ್ಸ್ ಕಾರನ್ನು ಮಾರಿದ. ಎರಡೇ ಸೀಟು, ಮಡಚುವ ಬಟ್ಟೆಯ ಛಾವಣಿ, ಸಾವಿರ ಸಿ.ಸಿ.ಯೊಳಗಿನ ಪುಟ್ಟ ಇಂಜಿನ್. ಮಗಳು ಹಟ ಹಿಡಿದು ಅದನ್ನು ಕೊಳ್ಳುವಂತೆ ಮಾಡಿದಳು.

ಆ ವರ್ಷ ಡಿಸೆಂಬರಿನಲ್ಲಿ ಒಂದು ಮೋಟಾರ್ ಕ್ಲಬ್ಬಿನವರು ಔರಂಗಾಬಾದಿನ ಆಚೆ, ದೌಲತಾಬಾದಿನಿಂದ ಖುಲ್ದಾಬಾದ್ ಕಡೆಗೆ ಏರುವ ಘಾಟಿಯಲ್ಲಿ ಸ್ಪರ್ಧೆ ಇಟ್ಟರು. ಒಂದೊಂದೇ ಕಾರು ಘಾಟಿ ಹತ್ತಬೇಕು, ಬೇಗ ಹತ್ತಿದವರು ಗೆದ್ದಂತೆ. ಗುಣವತಿಯೂ ಹೆಸರು ಕೊಟ್ಟಳು. ನೇರ ದಾರಿಯಲ್ಲಿ ಚೆನ್ನಾಗಿಯೇ ಓಡಿಸಿದಳು. ಕಡಿದಾದ ತಿರುವಿಗೆ ಬಂದಾಗ ಮಾತ್ರ ಒಳಬದಿಯ ಹಿಂದಿನ ಗಾಲಿ ನೆಲ ಬಿಟ್ಟು ಗರಗರ ಸುತ್ತಿತು, ಹೊಗೆ ಎದ್ದಿತು, ಕಾರು ನಿಂತಲ್ಲೇ ನಿಂತ ಹಾಗಾಯಿತು. ಇಪ್ಪತ್ತೆರಡು ಕಾರುಗಳಲ್ಲಿ ಅವಳದು ಇಪ್ಪತ್ತೊಂದನೆಯದು. ಮುಂಬೈ ತಂಡದ ಒಬ್ಬ, ಅವಳಿಗೆ ಕೇಳಲಿ ಎಂದೇ, "ಹೋಟೆಲಿನ ಗಾಡಿ, ಇಡ್ಲಿ ಬೇಯಿಸ್ತಿದೆ" ಎಂದು ನಕ್ಕ.

ಮರುದಿನ ಬೆಳಿಗ್ಗೆ ಅವಳು ಗ್ಯಾರೇಜಿಗೆ ಬಂದು, "ಕಾಕಾ, ಇಂಜಿನ್ ದೊಡ್ಡದು ಹಾಕೋಣ" ಅಂದಳು.

"ಬ್ಯಾಡ ಬೇಟಾ" ಅಂದ ವೈಜನಾಥ. ಸ್ಪರ್ಧೆಯ ದಿನ ಅವನು ತಿರುವಿನ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ನೋಡಿದ್ದ. "ಇಂಜಿನ್ ಶಕ್ತಿ ಕೊಡ್ಲಕತ್ತದ. ಆದ್ರ ಆ ಶಕ್ತಿ ಪೂರಾ ಎತ್ತಿದ ಗಾಲಿಗಿ ಹೋಗಿ ಗಾಳ್ಯಾಗ ಖರ್ಚಾಗ್ತದ. ನೆಲಾ ಹಿಡಿದ ಗಾಲಿ ಸುಮ್ಮ ಕುಂದರ್ತದ. ತಪ್ಪು ಡಿಫರೆನ್ಶಿಯಲ್‌ದಾಗ ಅದ."

ಎರಡು ಹಿಂದಿನ ಗಾಲಿಗಳ ನಡುವೆ ಕೂತು ಶಕ್ತಿ ಹಂಚುವ ಗೇರುಗಳ ಗುಂಡು ಅದು. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಉರುಳಬೇಕು, ಒಳಗಿನದು ಕಡಿಮೆ. ಹಾಗೆ ಬೇರೆ ಬೇರೆ ತಿರುಗಲು ಬಿಡುವುದೇ ಅದರ ಕೆಲಸ. ಆದರೆ ಒಂದು ಗಾಲಿ ಹಗುರಾದರೆ ಎಲ್ಲವನ್ನೂ ಅದಕ್ಕೇ ಕೊಟ್ಟುಬಿಡುತ್ತದೆ. ಹಾಗೆ ಕೊಡದಂತೆ ತಡೆಯುವ 'ಲಿಮಿಟೆಡ್ ಸ್ಲಿಪ್' ಡಿಫರೆನ್ಶಿಯಲ್ ವಿದೇಶದಲ್ಲಿ ಸಿಗುತ್ತದೆಂದು ವೈಜನಾಥನಿಗೆ ಗೊತ್ತಿತ್ತು. ದೇವಳಾಲಿಯಲ್ಲಿ ಒಮ್ಮೆ ಒಂದು ವಿದೇಶಿ ಟ್ರಕ್ಕಿನಿಂದ ಅಂಥದ್ದನ್ನು ಬಿಚ್ಚಿ, ಸವೆದ ತಟ್ಟೆಗಳನ್ನು ಬದಲಾಯಿಸಿ, ಮತ್ತೆ ಕೂಡಿಸಿದ್ದ.

ಕೃಷ್ಣರಾಜ ಶೆಟ್ಟರಿಗೆ ಅಷ್ಟೆಲ್ಲ ಯಾಕೆ ಅನ್ನಿಸಿತು. "ಮುಂಬೈಯವರು ಆ ಗೇರುಗಳಿಗೆ ವೆಲ್ಡಿಂಗ್ ಹೊಡೆದು ಎರಡೂ ಗಾಲಿ ಒಂದೇ ಮಾಡಿಬಿಡ್ತಾರಂತೆ ಮಾರಾಯ್ರೆ. ಒಂದು ದಿನದ ಕೆಲಸ ಅಲ್ವಾ?"

"ಮಾಡಬಹುದ್ರಿ ಶೆಟ್ಟರ. ಭಾರಿ ಗಾಡಿ, ದೊಡ್ಡ ಇಂಜಿನ್ ಇದ್ರ ಅದು ಎಳಕೊಂಡು ಹೋಗ್ತದ. ಇದು ಹಗೂರ ಗಾಡಿ. ಎರಡೂ ಗಾಲಿ ಒಂದಕ್ಕೊಂದು ಕಚ್ಚಿಕೊಂಡು ಮುಂದಕ್ಕ ನೂಕಿದ್ರ ಸ್ಟಿಯರಿಂಗ್ ತಿರುವಿದ್ರೂ ಗಾಡಿ ತಿರಗಂಗಿಲ್ಲ. ಇಲ್ಲಾಂದ್ರ ಆ್ಯಕ್ಸಲ್ ಮುರೀತದ. ಹುಡುಗಿ ಕುಂದರೋ ಗಾಡಿಗಿ ನಾ ಆ ಕೆಲಸ ಮಾಡಂಗಿಲ್ರಿ."

ಶೆಟ್ಟರ ಅಣ್ಣನ ಮಗ ಜಯಕರ ಸರಕು ಹಡಗಿನಲ್ಲಿ ಇಂಜಿನಿಯರ್ ಆಗಿದ್ದ. ಗುಣವತಿ ಬರೆದ ಕಾಗದಕ್ಕೆ ಅವನು ಇಂಗ್ಲೆಂಡಿನಿಂದ ಎರಡು ಬಗೆಯ ಲಿಮಿಟೆಡ್ ಸ್ಲಿಪ್‌ಗಳ ಕರಪತ್ರ ಕಳಿಸಿ, "ಪೆಟ್ಟಿಗೆಯಲ್ಲಿ ಒಂದಕ್ಕೆ ಮಾತ್ರ ಜಾಗ. ಯಾವುದು ಬೇಕು ಹೇಳು. ಇಲ್ಲಿ ರೇಸ್ ಗೆಲ್ಲುವವರೆಲ್ಲ ಮೊದಲನೆಯದನ್ನೇ ಹಾಕುತ್ತಾರೆ" ಎಂದು ಬರೆದ.

ಗುಣವತಿ ಗ್ಯಾರೇಜಿನ ಬೆಂಚಿನ ಮೇಲೆ ಕೂತು ಕರಪತ್ರಗಳನ್ನು ಓದಿ, ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಹೇಳಿದಳು. ವೈಜನಾಥನಿಗೆ ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಬರುತ್ತಿತ್ತು, ಅಷ್ಟೇ. ಆದರೆ ಚಿತ್ರ ನೋಡಿದರೆ ಸಾಮಾನು ಅವನಿಗೆ ಅರ್ಥವಾಗುತ್ತಿತ್ತು. ಮೊದಲನೆಯದರಲ್ಲಿ ಉಕ್ಕಿನ ತುಂಡುಗಳು ಉಬ್ಬುತಗ್ಗುಗಳ ನಡುವೆ ಸಿಕ್ಕಿಕೊಂಡು ಗಾಲಿಗಳನ್ನು ಥಟ್ಟನೆ ಹಿಡಿಯುತ್ತಿದ್ದವು. ಎರಡನೆಯದರಲ್ಲಿ ತೆಳ್ಳನೆಯ ತಟ್ಟೆಗಳು ಒಂದರ ಮೇಲೊಂದು ಕೂತು, ಸ್ಪ್ರಿಂಗಿನ ಒತ್ತಡದಿಂದ ನಿಧಾನಕ್ಕೆ ಬಿಗಿಯುತ್ತಿದ್ದವು.

"ಗೆಲ್ಲೋರು ಮೊದಲನೇದೇ ಹಾಕ್ತಾರೆ ಅಂತಾನೆ ಜಯಣ್ಣ" ಅಂದಳು.

"ನಮ್ಮ ಗಾಡಿ ಎಷ್ಟು ತೂಗ್ತದ?"

ಅವಳಿಗೆ ಗೊತ್ತಿರಲಿಲ್ಲ. ಅವನಿಗೂ ಗೊತ್ತಿರಲಿಲ್ಲ. ಹೋಟೆಲಿಗೆ ಈರುಳ್ಳಿ ಕೊಡುತ್ತಿದ್ದ ಸಟಾಣಾದ ವ್ಯಾಪಾರಿಯ ಹತ್ತಿರ ಎತ್ತಿನ ಗಾಡಿ ತೂಗುವ ಕಾಟಾ ಇತ್ತು. ಆ ಭಾನುವಾರವೇ ಇಬ್ಬರೂ ಅಲ್ಲಿಗೆ ಹೋದರು. ಇಡೀ ಕಾರನ್ನು ತೂಗಿದರು, ಆಮೇಲೆ ಹಿಂದಿನ ಗಾಲಿಗಳನ್ನಷ್ಟೇ ಕಾಟಾದ ಮೇಲಿಟ್ಟು, ಗುಣವತಿಯನ್ನು ಸೀಟಿನಲ್ಲಿ ಕೂರಿಸಿ ತೂಗಿದರು. ಈರುಳ್ಳಿ ಹಮಾಲರು ಕೆಲಸ ಬಿಟ್ಟು ಸುತ್ತ ನಿಂತು ನೋಡಿದರು. ಇಡೀ ಕಾರಿನ ತೂಕ ಹದಿಮೂರು ಗೋಣಿ ಈರುಳ್ಳಿಯಷ್ಟೂ ಇರಲಿಲ್ಲ.

ಮರಳುವ ದಾರಿಯುದ್ದಕ್ಕೂ ವೈಜನಾಥ ಬೆರಳಲ್ಲಿ ಲೆಕ್ಕ ಹಾಕಿದ. ನಾಶಿಕ್ ಹತ್ತಿರ ಬಂದಾಗ ಹೇಳಿದ: "ತಟ್ಟೇದು ತರಿಸು. ಮೊದಲನೇದು ಥಟ್ ಅಂತ ಹಿಡೀತದ, ಇಂಥ ಹಗೂರ ಗಾಡೀನ ಒದ್ದು ಬಿಡ್ತದ. ಜಲ್ದಿ ಸವೀತದ ಬ್ಯಾರೆ, ಆಮ್ಯಾಲ ಇಂಗ್ಲೆಂಡಿನ ದಾರಿ ನೋಡ್ಕೋತ ಕುಂದರಬೇಕು. ತಟ್ಟೇದು ಹೆಂಗ ಬೇಕೋ ಹಂಗ ನನ್ನ ಕೈಲೆ ಬಿಗಿ ಮಾಡಬಹುದು, ಸಡ್ಲ ಮಾಡಬಹುದು."

"ನಕ್ಕೀ, ಕಾಕಾ? ಖಂಡಿತಾನಾ?"

"ನಕ್ಕಿ."

ಜುಲೈನಲ್ಲಿ ಜಯಕರ ರಜೆಗೆ ಬಂದಾಗ ಅದನ್ನು ತಂದ. ಎಣ್ಣೆಕಾಗದದಲ್ಲಿ ಸುತ್ತಿದ್ದ ಭಾರದ ಗುಂಡು. ಅದಕ್ಕೆಂದೇ ಬೇರೆ ಎಣ್ಣೆಯ ಡಬ್ಬಿಯೂ ಜೊತೆಗಿತ್ತು. ವೈಜನಾಥ ಕೈ ತೊಳೆದು, ಒರೆಸಿಕೊಂಡು, ಆಮೇಲೆ ಮುಟ್ಟಿದ. ತಯಾರಕರು ಹೇಗೆ ಬಿಗಿದಿದ್ದರೋ ಹಾಗೆಯೇ ಕಾರಿಗೆ ಕೂಡಿಸಿದ.

ಗಂಗಾಪುರ ರಸ್ತೆಯಲ್ಲಿ ಮೊದಲ ಓಟ. ಎರಡನೇ ತಿರುವಿಗೇ ಗುಣವತಿ ಸ್ಟಿಯರಿಂಗ್ ತಿರುಗಿಸಿದಳು, ಕಾರು ತಿರುಗಲಿಲ್ಲ. ನೇರ ಹೋಗಿ ದ್ರಾಕ್ಷಿ ತೋಟದ ಬೇಲಿ ಮುರಿದು ಕಾಲುವೆಯಲ್ಲಿ ಮೂತಿ ಇಟ್ಟು ನಿಂತಿತು. ಅವಳ ಮೊಣಕೈ ತರಚಿತ್ತು. ಎದ್ದು ಬಂದವಳೇ, "ಸರಳ್ ಹೋಗ್ತದೆ ಕಾಕಾ, ವಳತಚ್ ನಾಹೀ, ತಿರುಗೋದೇ ಇಲ್ಲ!" ಅಂದಳು. ಅವಳ ಮಾತಿನಲ್ಲಿ ಹೆದರಿಕೆಗಿಂತ ಸಿಟ್ಟೇ ಜಾಸ್ತಿ ಇತ್ತು.

ಶೆಟ್ಟರು ಕಾರಿನ ಕೀಲಿ ತೆಗೆದು ಗಲ್ಲಾಪೆಟ್ಟಿಗೆಯಲ್ಲಿಟ್ಟುಕೊಂಡರು. "ಸಾಕು. ಇನ್ನು ಇದೆಲ್ಲ ಆಗ್ಲಿಕ್ಕಿಲ್ಲ."

ವೈಜನಾಥ ಮಧ್ಯಾಹ್ನದ ಗಿರಾಕಿ ಕಡಿಮೆಯಾದ ಹೊತ್ತು ನೋಡಿ ಹೋಟೆಲಿಗೆ ಹೋದ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಶೆಟ್ಟರ, ತಪ್ಪು ಹುಡುಗೀದಲ್ಲ, ನಂದು. ಆ ಸಾಮಾನು ಬಿಗಿದೋರು ಇದಕ್ಕಿಂತ ಭಾರಿ ಗಾಡಿ ಮನಸ್ಸಿನಾಗ ಇಟ್ಕೊಂಡು ಬಿಗಿದಾರ. ಗಾಡಿ ತೂಕ ನೋಡಿದಾವ ನಾನು, ನೋಡಿನೂ ಹಂಗೇ ಕೂಡಿಸಿದೆ. ವಿಲಾಯತಿ ಸಾಮಾನಿಗಿ ಕೈ ಹಚ್ಚಲಾಕ ಅಂಜಿದೆ. ಇನ್ನ ಅಂಜಂಗಿಲ್ಲ. ಕೀಲಿ ಕೊಡ್ರಿ. ಮುಂದಿನ ಸಲ ನಾ ಅಕಿ ಬಾಜೂಕ ಕುಂತಿರ್ತೀನಿ."

ಶೆಟ್ಟರು ಗಲ್ಲಾಪೆಟ್ಟಿಗೆ ತೆರೆದರು. ತನ್ನ ತಪ್ಪು ಹೇಳಿಕೊಳ್ಳಲು ಬಂದ ಮೆಕ್ಯಾನಿಕ್ಕನನ್ನು ಅವರು ಅದುವರೆಗೆ ಕಂಡಿರಲಿಲ್ಲ. ಕೀಲಿ ಕೊಟ್ಟರು.

ಅವನು ಡಿಫರೆನ್ಶಿಯಲ್ ಬಿಚ್ಚಿ ಸ್ಪ್ರಿಂಗಿನ ಒತ್ತಡ ಇಳಿಸಲು ಹೊರಟಾಗ ಜಯಕರ ಅಡ್ಡ ಬಂದ. "ಕಂಪನಿಯವರು ಲೆಕ್ಕ ಹಾಕಿ ಮಾಡಿದ್ದು ಮಿಸ್ತ್ರಿಯವರೇ. ಕೆಡಿಸಿಬಿಡ್ತೀರಿ!"

"ಅವರು ಲೆಕ್ಕ ಹಾಕ್ಯಾರ ಖರೆ. ಈ ಗಾಡಿ ಅವರು ನೋಡಿಲ್ಲ" ಅಂದ ವೈಜನಾಥ, ಸ್ಪ್ಯಾನರ್ ಎತ್ತಿಕೊಳ್ಳುತ್ತ.

ನಾಲ್ಕು ಸಲ ಬಿಚ್ಚಿದ. ಪ್ರತಿ ಸಲವೂ ಗುಣವತಿ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿ, ತನ್ನ ಕೈಗೆ ಏನು ತಿಳಿಯಿತೆಂದು ಹೇಳುವಳು: ಈಗ ತಿರುಗುತ್ತದೆ, ಆದರೆ ತಿರುವಿನ ಕೊನೆಗೆ ನೂಕುತ್ತದೆ. ಈಗ ನೂಕುವುದಿಲ್ಲ, ಆದರೆ ಒಳಗಾಲಿ ಮತ್ತೆ ಸುತ್ತುತ್ತದೆ. ಅವಳ ಮಾತು ಕೇಳಿಕೊಂಡು ಅವನು ಕೂದಲೆಳೆಯಷ್ಟು ಬಿಗಿಯುವನು, ಇಲ್ಲವೇ ಸಡಿಲಿಸುವನು. ನಾಲ್ಕನೆಯ ಸಲ ಅವಳು ಅದೇ ದ್ರಾಕ್ಷಿ ತೋಟದ ತಿರುವನ್ನು ಆರು ಬಾರಿ ಸುತ್ತಿದಳು. ವೈಜನಾಥ ಪಕ್ಕದ ಸೀಟಿನಲ್ಲಿ ಬಾಗಿಲು ಹಿಡಿದು ಕೂತಿದ್ದ. ಏಳನೆಯದಕ್ಕೆ ಅವಳು ಕಾರು ನಿಲ್ಲಿಸಿ ನಕ್ಕಳು. ಜಯಕರ ಬೇಲಿಯ ಹತ್ತಿರ ನಿಂತು ಚಪ್ಪಾಳೆ ತಟ್ಟಿದ.

ಆ ಡಿಸೆಂಬರಿನಲ್ಲಿ ಅದೇ ಘಾಟಿ. ಶೆಟ್ಟರು ಹೋಟೆಲಿಗೆ ಬೀಗ ಹಾಕಿ ವ್ಯಾನಿನಲ್ಲಿ ಬಂದರು. ವೈಜನಾಥ ಮತ್ತೆ ಕಡಿದಾದ ತಿರುವಿಗೇ ಹೋಗಿ ನಿಂತ. ಕೆಳಗಿನಿಂದ ಆ ಪುಟ್ಟ ಇಂಜಿನ್ನಿನ ಸದ್ದು ಏರುತ್ತ ಬಂತು. ಕೆಂಪು ಕಾರು ತಿರುವಿಗೆ ನುಗ್ಗಿತು. ಒಳಗಾಲಿ ಹಗುರಾಗಿ ನೆಲದಿಂದ ಎದ್ದದ್ದು ಅವನಿಗೆ ಸ್ಪಷ್ಟ ಕಂಡಿತು. ಹೊಗೆ ಬರಲಿಲ್ಲ. ಹೊರಗಾಲಿ ರಸ್ತೆಯನ್ನು ಕಚ್ಚಿ ಹಿಡಿಯಿತು, ಕಾರು ಯಾರೋ ಹಿಂದಿನಿಂದ ನೂಕಿದ ಹಾಗೆ ಮುಂದಕ್ಕೆ ಹಾರಿ ಕಣ್ಮರೆಯಾಯಿತು.

ಸಣ್ಣ ಇಂಜಿನ್ನುಗಳ ಗುಂಪಿನಲ್ಲಿ ಗುಣವತಿ ಮೊದಲು. ಎಲ್ಲ ಕಾರುಗಳ ಲೆಕ್ಕದಲ್ಲಿ ಮೂರನೆಯವಳು. ಅವಳದಕ್ಕಿಂತ ಎರಡು ಪಟ್ಟು ದೊಡ್ಡ ಇಂಜಿನ್ನಿನ ಕಾರುಗಳು ಹಿಂದೆ ಬಿದ್ದಿದ್ದವು.

ಹೋದ ವರ್ಷ ನಕ್ಕಿದ್ದ ಮುಂಬೈಯವನು ತಕರಾರು ಎತ್ತಿದ. ಒಳಗೆ ಬೇರೆ ಇಂಜಿನ್ ಇಟ್ಟಿದ್ದಾರೆ, ಬಿಚ್ಚಿ ನೋಡಿ ಅಂದ. ಪರೀಕ್ಷಕರು ಅಳೆದು ನೋಡಿದರು. ಇಂಜಿನ್ ಅದೇ ಇತ್ತು.

"ಮತ್ತೆ ಏನು ಮಾಡಿದಿರಿ?" ಎಂದು ಪರೀಕ್ಷಕರು ಹಿಂದಿಯಲ್ಲಿ ಕೇಳಿದರು.

ವೈಜನಾಥ ಜಾಕ್ ತರಿಸಿ ಕಾರಿನ ಹಿಂಭಾಗವನ್ನು ಎತ್ತಿಸಿದ. ಗೇರು ಬಿಡಿಸಿ, ಬಲಗಾಲಿಯನ್ನು ಕೈಯಿಂದ ಮುಂದಕ್ಕೆ ತಿರುಗಿಸಿದ. ಮಾಮೂಲಿ ಕಾರಿನಲ್ಲಿ ಎಡಗಾಲಿ ಹಿಂದಕ್ಕೆ ತಿರುಗಬೇಕಿತ್ತು. ಇಲ್ಲಿ ಅದೂ ಮುಂದಕ್ಕೆ ತಿರುಗಿತು. ಸುತ್ತ ನಿಂತವರಲ್ಲಿ ಗುಸುಗುಸು ಎದ್ದಿತು. ನಿಯಮದ ಪುಸ್ತಕದಲ್ಲಿ ಇದಕ್ಕೆ ಅಡ್ಡಿ ಇರಲಿಲ್ಲ.

"ಯಾವ ತರಹದ್ದು? ಯಾರು ಆರಿಸಿದ್ದು? ಯಾರು ಬಿಗಿದದ್ದು?" ಪರೀಕ್ಷಕರು ಪೆನ್ನು ತೆಗೆದಿದ್ದರು.

ವೈಜನಾಥ ಬಾಯಿ ತೆರೆಯುವ ಮೊದಲೇ ಕೃಷ್ಣರಾಜ ಶೆಟ್ಟರು ಮುಂದೆ ಬಂದರು. "ನಮ್ಮ ವೈಜನಾಥ ಮಿಸ್ತ್ರಿಯವರು. ಆರಿಸಿದ್ದೂ ಅವರೇ, ಬಿಗಿದದ್ದೂ ಅವರೇ. ಓಡಿಸಿದ್ದು ನನ್ನ ಮಗಳು" ಎಂದು ಕನ್ನಡದಲ್ಲೇ ಜೋರಾಗಿ ಹೇಳಿ, ಆಮೇಲೆ ನೆನಪಾಗಿ ಹಿಂದಿಯಲ್ಲಿ ಮತ್ತೊಮ್ಮೆ ಹೇಳಿದರು.

ಆಮೇಲೆ ಅರ್ಧ ಗಂಟೆ ಮುಂಬೈ, ಪುಣೆಯ ಮೆಕ್ಯಾನಿಕ್ಕುಗಳು ವೈಜನಾಥನನ್ನು ಸುತ್ತುವರಿದು ಪ್ರಶ್ನೆ ಕೇಳಿದರು. ಅವನು ತನ್ನ ಬೀದರ್ ಹಿಂದಿಯಲ್ಲಿ ಏನನ್ನೂ ಮುಚ್ಚಿಡದೆ ಹೇಳಿದ. ತಕರಾರು ಎತ್ತಿದವನೂ ಕೊನೆಗೆ ಹತ್ತಿರ ಬಂದು, ನನ್ನ ಕಾರನ್ನೂ ಒಮ್ಮೆ ನೋಡುತ್ತೀರಾ ಎಂದು ಕೇಳಿದ. "ನಾಶಿಕ್‌ಗೆ ತನ್ನಿ" ಅಂದ ವೈಜನಾಥ.

ಮರಳುವಾಗ ಯೇವಲಾದಲ್ಲಿ ಚಹಾಕ್ಕೆ ನಿಂತರು. ಹೊರಡುವಾಗ ಗುಣವತಿ ಸ್ಟಿಯರಿಂಗ್ ಕಡೆ ಹೋಗದೆ ಪಕ್ಕದ ಸೀಟಿನಲ್ಲಿ ಕೂತು, "ಈಗ ನೀವು ಓಡಿಸ್ರಿ ಕಾಕಾ" ಅಂದಳು.

"ನಾನಾ?"

"ಮತ್ತೆ ಯಾರು?"

ವೈಜನಾಥ ಅಂಗಿಯ ಗುಂಡಿ ಸರಿ ಮಾಡಿಕೊಂಡು, ಮೊಣಕಾಲು ಮಡಚಿ ಆ ತಗ್ಗು ಸೀಟಿನಲ್ಲಿ ಇಳಿದು ಕೂತ. ಛಾವಣಿ ತೆಗೆದಿತ್ತು, ಸಂಜೆಯ ಬಿಸಿಲು ಮುಖಕ್ಕೆ ಹೊಡೆಯುತ್ತಿತ್ತು. ಊರು ದಾಟಿ ಮೊದಲ ತಿರುವಿನಲ್ಲಿ ಅವನು ಕಾಲು ಸ್ವಲ್ಪ ಜೋರಾಗಿ ಒತ್ತಿದ, ಮತ್ತು ಅದು ಹೇಗೆ ಹಿಡಿಯಿತು ಎಂಬುದು ಅವನ ಬೆನ್ನಿಗೆ ತಿಳಿಯಿತು. "ಅರೇ ವ್ಹಾ" ಅಂದ, ತನಗೇ ಎಂಬಂತೆ. ಗುಣವತಿ ಗಟ್ಟಿಯಾಗಿ ನಕ್ಕಳು. ನಾಶಿಕ್ ಬರುವ ತನಕ ಅವನು ಸ್ಟಿಯರಿಂಗ್ ಬಿಟ್ಟುಕೊಡಲಿಲ್ಲ.