ಹಿಮಲೋಕಕ್ಕೆ ಒಂದು ಶೆಡ್ಡು

ಏಪ್ರಿಲ್ ತಿಂಗಳ ಬಿಸಿಲಲ್ಲಿ ಹಿಮ ಹುಡುಕಿಕೊಂಡು ವಿಜಯಪುರಕ್ಕೆ ಬರುವವರೂ ಇರುತ್ತಾರೆ ಎಂದು ನನಗೆ ಗೊತ್ತಾದದ್ದು ಕಾವ್ಯಾ ಮೇಡಂ ಬಂದ ಮೇಲೆ. ಬೆಂಗಳೂರಿನ ಈ ನಿರ್ದೇಶಕಿ ತೆಗೆಯಬೇಕಿದ್ದದ್ದು ಹಿಮಲೋಕದ ರಾಜಕುಮಾರಿಯ ಕಥೆ. ಹಿಮ ಬೀಳುವ ಊರು ಬಿಟ್ಟು ಇಲ್ಲಿಗೇಕೆ ಅಂದರೆ, ನಿರ್ಮಾಪಕರ ಮಾವನ ಮನೆ ಇಲ್ಲಿಯ ಜಲನಗರದಲ್ಲಿದೆ. ಊಟ, ಹಾಸಿಗೆ ಪುಕ್ಕಟೆ. ಕಲೆಗೆ ಇದಕ್ಕಿಂತ ದೊಡ್ಡ ಪ್ರೇರಣೆ ಬೇಕೇ?

ನಾನು ಇರ್ಫಾನ, ಇದೇ ಊರಿನ ಇಬ್ರಾಹಿಂಪುರದವನು. ಕಾರು ನನ್ನದು, ಓಡಿಸುವವನೂ ನಾನೇ. ಗೋಳಗುಮ್ಮಟ ನೋಡಲು ಬಂದವರನ್ನು ಸುತ್ತಾಡಿಸುವುದು ನನ್ನ ಕಸುಬು. ಮೇಡಂ ಕಾರು ಹತ್ತಿದವರೇ ನನ್ನನ್ನು ‘ಲೊಕೇಶನ್ ಮ್ಯಾನೇಜರ್’ ಮಾಡಿಬಿಟ್ಟರು. ಬಾಡಿಗೆ ಹೆಚ್ಚಲಿಲ್ಲ, ಎದೆ ಮಾತ್ರ ಸ್ವಲ್ಪ ಉಬ್ಬಿತು.

ಅವರಿಗೆ ಬೇಕಿದ್ದ ಜಾಗ ಈ ಭೂಮಿಯದ್ದು ಅನ್ನಿಸಬಾರದಿತ್ತು, ಮತ್ತು ಅಲ್ಲಿ ಗದ್ದಲ ಇರಬಾರದಿತ್ತು. ಗದ್ದಲ ಯಾಕೆ ಬೇಡವೆಂದರೆ ಆಮೇಲೆ ಡಬ್ಬಿಂಗ್ ಮಾಡಲು ದುಡ್ಡಿಲ್ಲ. ಕ್ಯಾಮೆರಾ ಮುಂದೆ ಯಾರು ಏನು ಆಡುತ್ತಾರೋ ಅದೇ ಮಾತು ಥಿಯೇಟರಿಗೂ ಹೋಗಬೇಕು.

ಗೋಳಗುಮ್ಮಟವನ್ನು ಕಾರಿನ ಕಿಟಕಿಯಿಂದಲೇ ನೋಡಿ, “ಇದು ಎಲ್ಲರಿಗೂ ಗುರುತಾಗತ್ತೆ,” ಅಂದರು. ಹತ್ತಿರ ಹತ್ತಿರ ನಾಲ್ಕು ನೂರು ವರ್ಷ ನಿಂತದ್ದಕ್ಕೆ ಪಾಪ ಅದಕ್ಕೆ ಸಿಕ್ಕ ಮರ್ಯಾದೆ ಇಷ್ಟು. ಸೊಲ್ಲಾಪುರ ರಸ್ತೆಯ ಹಾಳು ಗೋದಾಮು ಅವರ ಮನಸ್ಸಿಗೆ ಬಂದಿತು. ಆದರೆ ಒಳಗೆ ಕಾಲಿಡುವಷ್ಟರಲ್ಲಿ ಹೊರಗೆ ಲಾರಿಯೊಂದು ಹಾರ್ನ್ ಹೊಡೆದು ಹಿಮಲೋಕವನ್ನು ಕರಗಿಸಿಬಿಟ್ಟಿತು. ಬಬಲೇಶ್ವರಕ್ಕೆ ಕರೆದುಕೊಂಡು ಹೋದೆ. ಕಣ್ಣು ಮುಟ್ಟುವವರೆಗೂ ಕರಿಮಣ್ಣಿನ ಹೊಲ, ಮೇಲೆ ಬರೀ ಆಕಾಶ. ಮೇಡಂ ಇಳಿದು ಸುತ್ತಲೂ ನೋಡಿ ಮುಖ ಸಣ್ಣ ಮಾಡಿದರು.

“ಇದು ಬಬಲೇಶ್ವರದ ಥರಾನೇ ಇದೆಯಲ್ಲ ಇರ್ಫಾನ್!”

“ಬಬಲೇಶ್ವರ ಮತ್ತ ಹ್ಯಾಂಗ ಇರಬೇಕ್ರಿ ಮೇಡಂ?” ಅಂದೆ. ನನಗೆ ತಲೆ ಕೆಟ್ಟಿತ್ತು.

ವಾಪಸು ಬರುವಾಗ ಟಿಕೋಟಾಕ್ಕೆ ಹೊರಳಿಸಿದೆ. ಅಲ್ಲಿ ಗುರುಸಿದ್ದವ್ವ ಮತ್ತು ಅವಳ ಗಂಡ ಅಮರಪ್ಪ ನನಗೆ ಹಳೆಯ ಪರಿಚಯ. ಅವರ ದ್ರಾಕ್ಷಿ ತೋಟದ ಪಕ್ಕದಲ್ಲಿ ಒಣದ್ರಾಕ್ಷಿ, ನಮ್ಮ ಬಾಯಲ್ಲಿ ಮಣೂಕ, ಮಾಡುವ ಉದ್ದನೆಯ ಶೆಡ್ಡಿದೆ. ಸುತ್ತಲೂ, ಮೇಲೆ, ಕೆಳಗೆ ಹಸಿರು ನೆಟ್. ಸುಗ್ಗಿ ಮುಗಿದು ಶೆಡ್ಡು ಖಾಲಿಯಾಗಿತ್ತು. ಮೇಡಂ ಒಳಗೆ ಹೋದವರು ಕುಣಿದಾಡುವುದೊಂದೇ ಬಾಕಿ.

“ಎಷ್ಟೊಂದು ಹಸಿರು! ಇದೇ ಬೇಕಿತ್ತು ನನಗೆ!”

ಅಂತೂ ನಮ್ಮ ಸೀಮೆಯ ಒಂದು ವಸ್ತುವಾದರೂ ಇವರ ಕಣ್ಣಿಗೆ ಬಿತ್ತಲ್ಲ ಎಂದು ನನಗೆ ಖುಷಿಯಾಯಿತು.

ಗುರುಸಿದ್ದವ್ವ ಬಾಡಿಗೆ ಬೇಡ ಅಂದಳು. ಒಂದೇ ಒಂದು ಕರಾರು.

“ನಮ್ಮ ಶೆಡ್ಡು, ನಮ್ಮ ಟಿಕೋಟಾ ಸಿನಿಮಾದಾಗ ಕಾಣಬೇಕ್ರಿ. ಅದರ ಜೋಡಿ ನಾನೂ ಒಂದಿಷ್ಟ ಕಾಣಬೇಕು. ನಮ್ಮ ನೆಗೆಣ್ಣಿ, ಮೈದುನನ ಹೇಣ್ತಿ ಸೀತವ್ವ, ಬ್ಯಾರೆ ಆಗಿ ಬಬಲೇಶ್ವರಕ್ಕ ಹೋಗ್ಯಾಳ. ಯಾವುದೋ ಧಾರಾವಾಹಿಯಾಗ ಅಕಿ ಎಮ್ಮಿ ಬಂದಿತ್ತಂತ, ಅವತ್ತಿನಿಂದ ಯಾರ ಮದುವಿಗೆ ಹೋದ್ರೂ ಅದನ್ನ ಹೇಳತಾಳ. ನನಗ ತಲಿ ಎತ್ತಾಕ ಬಿಡವಲ್ಲಳು.”

ಮೇಡಂ ಫೋನ್ ನೋಡುತ್ತಲೇ ಗೋಣಾಡಿಸಿ “ಆಯ್ತು, ಆಯ್ತು,” ಅಂದರು. ಆ ಗೋಣಾಡಿಸಿದ್ದನ್ನೇ ನಂಬಿ, “ನಾ ಅದೀನಿ ಯವ್ವಾ, ಚಿಂತಿ ಬಿಡು,” ಎಂದು ನಾನೂ ಮಾತು ಕೊಟ್ಟೆ.

ಮರುದಿನ ಟ್ರಯಲ್ ಶೂಟಿಂಗ್. ಗುರುಸಿದ್ದವ್ವ ಶೆಡ್ಡು ಗುಡಿಸಿ, ನೀರು ಹೊಡೆದು, ತಾನೂ ಸಿಂಗಾರವಾಗಿ ಬಂದಳು. ಮಗಳ ಮದುವೆಯಲ್ಲಿ ಉಟ್ಟ ಅಚ್ಚ ಹಸಿರು ರೇಷ್ಮೆ ಸೀರೆ, ಅದೇ ಬಣ್ಣದ ತುಂಬುತೋಳಿನ ಕುಪ್ಪಸ, ಕೈತುಂಬ ಹಸಿರು ಬಳೆ. ಕ್ಯಾಮೆರಾ ಮುಂದೆ ಶೆಡ್ಡಿನ ಆ ತುದಿಯಿಂದ ಈ ತುದಿಗೆ ನಡೆದು, ಓಡಿ ಬಂದು, ತೆಗೆದದ್ದನ್ನು ತೋರಿಸುವ ಕ್ಯಾಮೆರಾದವನ ಟ್ಯಾಬ್ಲೆಟ್ ಮುಂದೆ ನಿಂತಳು. ನಾನೂ ಅಮರಪ್ಪನೂ ಅವಳ ಹಿಂದೆಯೇ ಬಗ್ಗಿ ನೋಡಿದೆವು.

ಶೆಡ್ಡು ಇರಲಿಲ್ಲ. ಅದರ ಜಾಗದಲ್ಲಿ ಬೆಳ್ಳನೆಯ ಹಿಮದ ಬೆಟ್ಟ. ಬೆಟ್ಟದ ಮೇಲೆ ಕುಂಕುಮ ಹಚ್ಚಿಕೊಂಡ ಒಂದು ತಲೆ, ಜೊತೆಗೆ ಎರಡು ಅಂಗೈ ತೇಲಿಕೊಂಡು ಹೋಗುತ್ತಿದ್ದವು.

“ಹಸಿರು ಇದ್ದ ಕಡೆಯೆಲ್ಲ ಕಂಪ್ಯೂಟರು ಬೇರೆ ಚಿತ್ರ ಕೂರಿಸತ್ತೆ,” ಎಂದು ಕ್ಯಾಮೆರಾದವನು ವಿವರಿಸಿದ. “ಅದಕ್ಕೇ ಈ ಜಾಗ ಆರಿಸಿದ್ದು. ಏನೂ ಉಳಿಯಲ್ಲ.”

ನನಗೆ ಮೈಯೆಲ್ಲ ಉರಿಯಿತು. ಮೂರು ಊರು ಸುತ್ತಿ ಇವರು ಹುಡುಕಿದ್ದು ಅಳಿಸಿ ಹಾಕಲು ಬರುವ ಜಾಗವನ್ನು, ತೋರಿಸಿಕೊಟ್ಟವನು ನಾನು.

ಅಮರಪ್ಪ ಹೆಂಡತಿಯ ಮುಖ ನೋಡಿ ಮೆಲ್ಲಗೆ, “ಮಾರಿ, ಕುಂಕುಮ ಎಲ್ಲಾ ಬಂದೈತಲ್ಲ ಬಿಡು,” ಅಂದ.

ಗುರುಸಿದ್ದವ್ವನ ಕಣ್ಣು ತುಂಬಿದ್ದವು. “ಸೀತವ್ವನ ಎಮ್ಮಿ ಪೂರಾ ಬಂದಿತ್ತು,” ಅಂದಳು. “ಬಾಲ ಸೈತ ಕಂಡಿತ್ತು.”

ಯಾರೂ ನಗಲಿಲ್ಲ. ಅವಳು ಸೀದಾ ಹೋಗಿ ಶೆಡ್ಡಿನ ನೆಟ್ಟಿನ ಗಂಟು ಬಿಚ್ಚತೊಡಗಿದಳು. ನಾನೂ ಇನ್ನೊಂದು ಮೂಲೆಗೆ ಕೈ ಹಚ್ಚಿದೆ. ಮೇಡಂ ಓಡಿ ಬಂದರು. ಅವರ ಚಿಂತೆಯೇ ಬೇರೆ.

“ಅಜ್ಜಿ, ಪ್ಲೀಸ್! ಆ ತೇಲೋ ತಲೆ ಅದ್ಭುತವಾಗಿದೆ. ಕಥೆಯಲ್ಲಿ ಹಿಮಲೋಕದ ಬಾಗಿಲು ಕಾಯೋ ಮಾಯಾವಿ ಇದ್ದಾಳೆ, ದುಡ್ಡು ಸಾಲದೆ ಕೈಬಿಟ್ಟಿದ್ವಿ. ಆ ಪಾತ್ರ ನೀವೇ ಮಾಡಿ.”

ಗುರುಸಿದ್ದವ್ವ ಗಂಟಿನ ಮೇಲೆ ಕೈಯಿಟ್ಟುಕೊಂಡೇ ಯೋಚಿಸಿದಳು. “ಆ ತಲಿ ಮಾತಾಡತೈತೇನ್ರಿ?”

“ಆಡತ್ತೆ. ‘ಬನ್ನಿ, ಹಿಮಲೋಕಕ್ಕೆ ಸ್ವಾಗತ’ ಅಂತ.”

“ಆಗಲಿ,” ಅಂದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಷ್ಟು ಬೇಗ ಸೋತಳಲ್ಲ ಎಂದು ನನಗೆ ಬೇಸರವಾಯಿತು.

ಕ್ಯಾಮೆರಾ ಚಾಲೂ ಆಯಿತು. ಮೈತುಂಬ ಕಂಬಳಿ ಹೊದ್ದು ಬೆವರು ಸುರಿಸುತ್ತಿದ್ದ ರಾಜಕುಮಾರಿ ಗಡಗಡ ನಡುಗುತ್ತಾ ಬಂದಳು. ಗುರುಸಿದ್ದವ್ವ ಕೊರಳೆತ್ತಿ, ಬಬಲೇಶ್ವರಕ್ಕೂ ಕೇಳುವಂತೆ ಹೇಳಿದಳು:

“ಬರ್ರಿ! ಇದು ಟಿಕೋಟಾ. ಇದು ಗುರುಸಿದ್ದವ್ವನ ಮಣೂಕದ ಶೆಡ್ಡು. ಚಪ್ಪಲಿ ಹೊರಗ ಬಿಡ್ರಿ.”

“ಕಟ್! ಕಟ್!” ಮೇಡಂ ತಲೆ ಹಿಡಿದುಕೊಂಡರು. “ಅಜ್ಜಿ, ಅಲ್ಲಿ ಕಾಣೋದು ಹಿಮಲೋಕ!”

“ಅದನ್ನ ನೀವು ತೋರಸ್ರಿ. ನಾ ಬ್ಯಾಡ ಅನ್ನಾಂಗಿಲ್ಲ,” ಅಂದಳು ಗುರುಸಿದ್ದವ್ವ. “ಊರಿನ ಹೆಸರು ನಾ ಹೇಳತೇನಿ.”

ಮೇಡಂ ನನ್ನತ್ತ ನೋಡಿದರು. ನಾನು ಇನ್ನೂ ನೆಟ್ಟಿನ ಗಂಟು ಹಿಡಿದುಕೊಂಡೇ ನಿಂತಿದ್ದೆ. ಡಬ್ಬಿಂಗಿಗೆ ದುಡ್ಡಿಲ್ಲ ಎಂಬುದು ಇಬ್ಬರಿಗೂ ನೆನಪಾಯಿತು. ಅವರು ಸಣ್ಣ ದನಿಯಲ್ಲಿ, “ಇನ್ನೊಂದು ಸಲ, ಹಾಗೇ ಹೇಳಿ,” ಅಂದರು.

ಗುರುಸಿದ್ದವ್ವ ಮತ್ತೆ ಹೇಳಿದಳು. ಈ ಸಲ ರಾಜಕುಮಾರಿ ಹಿಮದ ಬೆಟ್ಟದ ಅಂಚಿನಲ್ಲಿ ಚಪ್ಪಲಿ ಕಳಚಿಟ್ಟು, ಬರಿಗಾಲಲ್ಲಿ ಟಿಕೋಟಾದ ಒಳಗೆ ಬಂದಳು.